ಎಳೆ ಕೆಚ್ಚುವ ಅಂದಾನಪ್ಪ

ಬೆಟಗೇರಿಯ ನೇಕಾರ ಓಣಿಯಲ್ಲಿ ಅಂದಾನಪ್ಪ ಓಡಿದ್ದನ್ನು ಕಂಡವರು ಯಾರೂ ಇಲ್ಲ. ಹುಟ್ಟಿದಾಗಿನಿಂದ ಅವನ ಮೈಯಲ್ಲಿ ಕಸುವು ಕಡಿಮೆ. ನೆಲದಿಂದ ಏಳಬೇಕಾದರೆ ಗೋಡೆ ಬೇಕು, ಗೋಡೆ ದೂರವಿದ್ದರೆ ಹೆಂಡತಿ ಅನ್ನಪೂರ್ಣವ್ವನ ಹೆಗಲು ಬೇಕು. ಹುಡುಗನಿದ್ದಾಗ ಅಪ್ಪ ಅವನನ್ನು ಮಗ್ಗದ ಕುಣಿಯಲ್ಲಿ ಇಳಿಸಿ ಕೂರಿಸಿ ನೋಡಿದ್ದ. ಕಾಲು ಮಗ್ಗದ ಹಲಗೆ ತುಳಿಯಲಿಲ್ಲ.

ಕಾಲು ಕೈಬಿಟ್ಟರೂ ಬೆರಳು ಬಿಡಲಿಲ್ಲ. ಅವನು ಕೆಚ್ಚುವ ಕೆಲಸ ಹಿಡಿದ. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯಲ್ಲಿ ಗೀರು ಬೀಳುತ್ತದೆ. ಓಣಿಯಲ್ಲಿ ಅದು ಹೆಂಗಸರ ಕೆಲಸ. ಗಂಡಸು ಆ ಕೆಲಸಕ್ಕೆ ಕೂತದ್ದು ನೋಡಿ ಜನ ನಕ್ಕರು. ಪಕ್ಕದ ಮನೆಯ ಸುಗ್ರಾಬಿ ಎದುರಿಗೇ ಅಂದಳು:

"ಏನ ಅಂದಾನಪ್ಪಣ್ಣ, ನಾಳಿಂದ ಬಳಿನೂ ಇಟಗೋತೀಯೇನು?"

"ಇಟಗೋತೀನವಾ. ನಿನ್ನ ಗಂಡ ಎಲ್ಲಿ ಇಡಿಸಿಕೊಂಡು ಬಂದಾನ ಹೇಳು, ಅಲ್ಲೇ ಹೋಗ್ತೀನಿ."

ಆಮೇಲೆ ಸುಗ್ರಾಬಿ ತನ್ನ ಮನೆಯ ಮಗ್ಗಕ್ಕೆ ಅವನನ್ನು ಬಿಟ್ಟು ಬೇರೆಯವರನ್ನು ಕರೆಯಲಿಲ್ಲ. ಅವನು ಕೆಚ್ಚಿದ ಎಳೆ ಹರಿಯುತ್ತಿರಲಿಲ್ಲ. ಅನ್ನಪೂರ್ಣವ್ವ ಅವನನ್ನು ಮನೆಯಿಂದ ಮನೆಗೆ ಕೈಹಿಡಿದು ಕರೆದೊಯ್ಯುತ್ತಿದ್ದಳು. ನಾಚಿಕೆ ಪಡಲಿಲ್ಲ. ಕಸುವಿದ್ದ ಎಷ್ಟೋ ಗಂಡಸರು ಕಟ್ಟೆ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಅವಳ ಗಂಡ ದುಡಿಯುತ್ತಿದ್ದ.

ಐವತ್ತು ದಾಟಿದ ಮೇಲೆ ತೋಳೂ ಏಳದಾಯಿತು. ಅವಳೇ ತಲೆ ಬಾಚಿದಳು, ಅವಳೇ ತುತ್ತು ಮಾಡಿ ಕೊಟ್ಟಳು. ಗದಗಿನ ಡಾಕ್ಟರು ಧಾರವಾಡಕ್ಕೆ ಕಳಿಸಿದರು. ಅಲ್ಲಿ ತೊಡೆಯಿಂದ ಚಿವುಟಿದಷ್ಟು ಮಾಂಸ ತೆಗೆದರು, ರಕ್ತ ತೆಗೆದರು. ಆರತಿ ಎಂಬ ಹುಡುಗಿ ಅಲ್ಲಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದಳು.

"ಸ್ನಾಯುವಿನೊಳಗ ಸಣ್ಣ ಸಣ್ಣ ಎಳೆ ಇರ್ತಾವರೀ. ಒಂದು ಕಡೆ ಕೂಡ್ತಾ ಹೋಗ್ತಾವ, ಇನ್ನೊಂದು ಕಡೆ ಬಿಚ್ಚತಾ ಹೋಗ್ತಾವ. ಹಳೇ ಎಳೆ ಕತ್ತರಿಸಲಿಕ್ಕೆ ಕೋಫಿಲಿನ್ ಅಂತ ಒಂದು ಪ್ರೋಟೀನ್ ಅದ. ನಿಮ್ಮ ಕೋಫಿಲಿನ್‌ನಾಗ ಹುಟ್ಟಿನಿಂದ ಒಂದು ತಪ್ಪು ಅದ. ಹಳೇವು ಅಲ್ಲೇ ಗಂಟು ಕಟ್ಟಿಕೊಂಡು ಕೂಡ್ತಾವ."

"ಅಂದ್ರ ನನ್ನೊಳಗಿನ ಕತ್ತರಿ ಮೊಂಡ ಐತಿ ಅನ್ರಿ."

"ಹಂಗೇ ಅನ್ನಬಹುದರೀ."

"ನನ್ನ ಹೇಣ್ತಿ ನಾಲಿಗಿ ತಗೋರಿ ಹಂಗಾರ. ಅದು ಭಾಳ ಹರಿತ ಐತಿ."

ಆರತಿ ನಕ್ಕಳು. ಔಷಧ ಇನ್ನೂ ಇಲ್ಲ ಎನ್ನುವುದನ್ನೂ ಮುಚ್ಚಿಡದೆ ಹೇಳಿದಳು. "ನನಗ ಇರ್ಲಿ ಬಿಡವಾ. ಮುಂದ ಹುಟ್ಟೋ ಕೂಸಿಗಿ ಆದ್ರ ಆತು. ಏನ ಬೇಕ ತಗೋ" ಅಂದ ಅಂದಾನಪ್ಪ.

ಹೋದ ಚಳಿಗಾಲದಲ್ಲಿ ಅವನ ಉಸಿರೂ ಸೋತಿತು. ತಮ್ಮ ಮೌನೇಶ ಮುಂದೆ ನಿಂತು ಎಲ್ಲ ಮಾಡಿದ. ಲಿಂಗಾಯತರ ಪದ್ಧತಿಯಂತೆ ಮೈತುಂಬ ವಿಭೂತಿ ಹಚ್ಚಿ, ಕೂತ ಹಾಗೆಯೇ ಕುಣಿಯಲ್ಲಿ ಇಳಿಸಿ ಮಣ್ಣು ಕೊಟ್ಟರು. ಅನ್ನಪೂರ್ಣವ್ವ ಮನೆಗೆ ಬಂದು ಅವನು ಕೆಚ್ಚುವಾಗ ಬೆರಳಿಗೆ ಹಚ್ಚಿಕೊಳ್ಳುತ್ತಿದ್ದ ಬೂದಿಯ ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟಳು. ಅದನ್ನು ಇನ್ನೂ ತೆಗೆದಿಲ್ಲ.

ಮಳೆಗಾಲಕ್ಕೆ ಆರತಿಯ ಫೋನು ಬಂತು. ಹುಡುಗಿಯ ದನಿಯಲ್ಲಿ ಖುಷಿ ಇತ್ತು.

"ಅಮ್ಮಾರ, ನಿಮ್ಮ ಯಜಮಾನರ ಕೋಫಿಲಿನ್ ಬಂತರೀ! ಫ್ರೀಜರಿನಾಗ ಇಟ್ಟೀವಿ."

ಅನ್ನಪೂರ್ಣವ್ವ ತಿಳಿದುಕೊಂಡದ್ದು ಇಷ್ಟು: ಗಂಡನ ಮೈಯ ಒಂದು ಪಾಲು ಇನ್ನೂ ಹೊರಗಿದೆ. ಹಾಗಾದರೆ ತಾವು ಮಣ್ಣು ಕೊಟ್ಟದ್ದು ಅರ್ಧ ಮನುಷ್ಯನಿಗೇ? ಮೌನೇಶನಿಗೂ ಹಾಗೇ ಅನಿಸಿತು.

"ವೈನಿ, ತಗೊಂಡ ಬರ್ರಿ. ಅಣ್ಣನ ಬಾಜೂಕ ಒಂದು ಸಣ್ಣ ಕುಣಿ ತೆಗೆದಿಟ್ಟಿರ್ತೀನಿ."

ಒಂದು ಹೊಸ ಬಟ್ಟೆ, ವಿಭೂತಿ, ಬಿಲ್ವಪತ್ರೆ ಚೀಲದಲ್ಲಿ ಇಟ್ಟುಕೊಂಡು ಅವಳು ಧಾರವಾಡದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ. ಹಿಂದಿರುಗುವಾಗ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಕೆಳಗೆ ಇಡಬಾರದು.

ಲ್ಯಾಬಿನಲ್ಲಿ ಅವಳು ಮೇಜಿನ ಮೇಲೆ ಬಟ್ಟೆ ಹಾಸಿ ಅಂದಳು: "ಕೊಡವಾ ಅವರನ್ನ. ಕರಕೊಂಡ ಹೋಗಾಕ ಬಂದೀನಿ."

ಆರತಿ ಬಟ್ಟೆ ನೋಡಿದಳು, ವಿಭೂತಿ ನೋಡಿದಳು. ನಗಲಿಲ್ಲ. ಸ್ಟೂಲು ಎಳೆದು ಹತ್ತಿರ ಕೂತಳು.

"ಅಮ್ಮಾರ, ಆ ಮಾಂಸ ಪರೀಕ್ಷಾಕ್ಕ ಮುಗದುಹೋಗ್ಯದರೀ. ಇದು ಅವರ ಮೈದಲ್ಲ. ಕೋಫಿಲಿನ್ ಹೆಂಗ ಕಟ್ಟಬೇಕು ಅಂತ ಪ್ರತಿಯೊಬ್ಬರ ರಕ್ತದಾಗ ಒಂದು ನಮೂನಿ ಇರ್ತದ. ಅವರ ನಮೂನಿ ಓದಿ, ಅಂಥಾದ್ದೇ ಮಾಡಿ ಸೂಕ್ಷ್ಮಜೀವಿ ಒಳಗ ಹಾಕಿದ್ವಿ. ಅವು ಕಟ್ಟಿ ಕೊಟ್ಟಾವ. ಹಾಲಿಗೆ ಹೆಪ್ಪು ಹಾಕಿದಂಗ, ಬೇಕಾದಾಗ ಮತ್ತ ಮಾಡಬಹುದು."

"ಹಂಗಾರ ಇದು ಅವರದಲ್ಲ?"

"ನಮೂನಿ ಅವರದೇ. ತಪ್ಪು ಸುದ್ದಾ ಅವರದೇ. ಅದಕ್ಕೇ ನಮಗ ಬೇಕು. ಆದರ ನೀವು ಬ್ಯಾಡ ಅಂದ್ರ ನಿಲ್ಲಸ್ತೀವಿ. ಇದನ್ನ ನಿಮ್ಮ ಕೈಗೇ ಕೊಡ್ತೀನಿ."

ಆರತಿ ಪುಟ್ಟ ಕೊಳವೆ ತಂದಳು. ಒಳಗೆ ನೀರಿನಂಥದ್ದು, ಒಂದು ಹನಿಯಷ್ಟು. ಅನ್ನಪೂರ್ಣವ್ವ ಮುಟ್ಟಲಿಲ್ಲ.

"ಏನ ಮಾಡ್ತೈತಿ ಇದು? ತೋರಸು."

ಕಂಪ್ಯೂಟರಿನ ಪರದೆಯ ಮೇಲೆ ಕಪ್ಪಿನಲ್ಲಿ ಬೆಳ್ಳಗೆ ಎಳೆಗಳು ಮೂಡಿದವು. ಆರತಿ ಮೊದಲು ಗಟ್ಟಿ ಮೈಯವರ ಕೋಫಿಲಿನ್ ಹಾಕಿದ್ದನ್ನು ತೋರಿಸಿದಳು. ಎಳೆಗಳು ತುಂಡು ತುಂಡಾಗಿ ಉದುರಿದವು. ಆಮೇಲೆ ಅಂದಾನಪ್ಪನದು. ಎಳೆಗಳು ಹಾಗೇ ನಿಂತವು. ಅಲುಗಿದವು, ಬಾಗಿದವು. ಒಂದೂ ಕಡಿಯಲಿಲ್ಲ.

ಅನ್ನಪೂರ್ಣವ್ವ ಪರದೆಯ ಹತ್ತಿರ ಮುಖ ಇಟ್ಟು ನೋಡಿದಳು. ಬಹಳ ದಿನಗಳ ಮೇಲೆ ಅವಳ ಬಾಯಲ್ಲಿ ನಗು ಬಂತು.

"ಕಡ್ಯೂದು ಅವರಿಗೆ ಎಲ್ಲಿ ಬರಬೇಕವಾ? ಜಲ್ಮಪೂರ್ತಿ ಕೆಚ್ಚಿದಾಂವ."

ನಕ್ಕವಳು ಅಲ್ಲೇ ಅತ್ತಳು. ಆರತಿ ಬೆನ್ನ ಮೇಲೆ ಕೈ ಇಟ್ಟಳು. ಕಣ್ಣು ಒರೆಸಿಕೊಂಡ ಮೇಲೆ ಅನ್ನಪೂರ್ಣವ್ವ ಕೇಳಿದಳು, "ಇಂಥಾ ಮೈ ಇಟಗೊಂಡ ಹುಟ್ಟಿದ ಕೂಸು ಎಲ್ಲೆರೆ ಅದಾವೇನು?"

"ಅದಾವರೀ. ಭಾಳಿಲ್ಲ. ಆದರ ಅದಾವ. ಈ ಕತ್ತರಿಗೆ ಹರಿತ ಕೊಡೂದು ಹೆಂಗ ಅಂತ ಇದರ ಮ್ಯಾಲೇ ನೋಡಬೇಕು."

"ಹಂಗಾರ ಒಳಗ ಇಡು. ತಂಪು ಹೋದೀತು."

ಬಟ್ಟೆ ಮಡಚಿದಳು. ವಿಭೂತಿಯನ್ನು ಒಂದಿಷ್ಟು ಬೆರಳಿಗೆ ತೆಗೆದುಕೊಂಡು, ಕೊಳವೆಗೆ ಹಚ್ಚಬಹುದೇ ಎಂದು ಕೇಳಿದಳು. ಫ್ರೀಜರಿನೊಳಗೆ ಇಡುವ ಕೊಳವೆಗೆ ಹಚ್ಚುವಂತಿಲ್ಲ ಎಂದು ಆರತಿ ತನ್ನ ಹಣೆ ಮುಂದೆ ಮಾಡಿದಳು. ಬ್ರಾಹ್ಮಣರ ಹುಡುಗಿಯ ಹಣೆಯ ಮೇಲೆ ಅನ್ನಪೂರ್ಣವ್ವ ವಿಭೂತಿ ಎಳೆದಳು. "ಚೊಲೋ ಕೆಲಸ ತಗೋ ಅವರ ಕಡಿಂದ. ಮೈಗಳ್ಳ ಅಲ್ಲ ಅಂವ."

ಸಂಜೆ ಬೆಟಗೇರಿಯಲ್ಲಿ ಇಳಿದು ನೆಟ್ಟಗೆ ರುದ್ರಭೂಮಿಗೆ ಹೋದಳು. ಮೌನೇಶ ಸಲಿಕೆ ಹಿಡಿದು ನಿಂತಿದ್ದ. ಅಣ್ಣನ ಪಕ್ಕಕ್ಕೆ ಸಣ್ಣ ಕುಣಿ ಚೊಕ್ಕಟಾಗಿ ತೆಗೆದಿತ್ತು.

"ತಂದ್ರ್ಯಾ ವೈನಿ?"

"ಇಲ್ಲ. ಕುಣಿ ಮುಚ್ಚು."

"ಯಾಕ್ರಿ, ಕೊಡಲಿಲ್ಲೇನು ಅವ್ರು?"

"ಕೊಡ್ತಿದ್ರು. ನಾನೇ ಬಿಟ್ಟು ಬಂದೆ" ಎಂದು ಅನ್ನಪೂರ್ಣವ್ವ ಸೆರಗು ಸೊಂಟಕ್ಕೆ ಸಿಗಿಸಿ, ತಾನೇ ಮೊದಲ ಹಿಡಿ ಮಣ್ಣು ಕುಣಿಗೆ ನೂಕಿದಳು. "ನಿಮ್ಮಣ್ಣ ಕೆಲಸಕ್ಕ ಹೋಗ್ಯಾನ."