ಪಿಸ್ತೂಲಿನೊಳಗಿನ ಅಕ್ಷತೆ

ಆಯುಧಪೂಜೆಯ ಮರುದಿನ ಮೊಮ್ಮಗಳ ಸ್ಕೂಟರಿನ ಬೀಗಕ್ಕೆ ಕೀ ಹೋಗಲಿಲ್ಲ. ಪಿನ್ನು ಹಾಕಿ ಕೆದಕಿದೆ. ಮೊದಲು ಒದ್ದೆ ಕುಂಕುಮ ಬಂತು, ಅದರ ಹಿಂದೆ ಅರಿಶಿನ ಹಚ್ಚಿದ ಅಕ್ಷತೆಯ ಒಂದು ಕಾಳು. ಬೆರಳು ಮೂಸಿ ನೋಡಿದೆ. ಕುಂಕುಮಕ್ಕೆ ಮಿಷನ್ ಎಣ್ಣೆ ಸೇರಿದ ವಾಸನೆ... ಜಯನಗರದ ಸುಬೇದಾರರು ನೆನಪಾದರು.

ಐವತ್ತರ ದಶಕದ ಕೊನೆ ಇರಬೇಕು. ಅಥವಾ ಅರವತ್ತರ ಶುರು. ನಾನು ಅವರ ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಸುಬೇದಾರರು ಬರ್ಮಾ ಯುದ್ಧದಿಂದ ಬದುಕಿ ಬಂದವರು. ಹಣೆ ತುಂಬ ವಿಭೂತಿ, ಕೆಳಗೆ ದೊಡ್ಡ ಮೀಸೆ. ಮೀಸೆ ನಿಜವಾಗಿ ಅಷ್ಟು ದೊಡ್ಡದಿತ್ತೋ, ಈಚಿನ ವರ್ಷಗಳಲ್ಲಿ ನಾನೇ ಬೆಳೆಸಿದೆನೋ, ಹೇಳಲಾರೆ.

ಅವರ ಬಳಿ ಲೈಸೆನ್ಸ್ ಇದ್ದ ಹಳೆಯ ಪಿಸ್ತೂಲೊಂದಿತ್ತು. ದೇಶ ಬಿಟ್ಟು ಹೊರಟ ಬಿಳಿಯ ಸಾಹೇಬನೊಬ್ಬನಿಂದ ಕೊಂಡದ್ದು. ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿ ಮೇಲೇರಿ ಸಿದ್ಧವಾಗಬೇಕು. ಅದರ ಹೆಚ್ಚುಗಾರಿಕೆಯೇ ಅದು. ಆದರೆ ಒಂದೆರಡು ಹಾರಿಸುವಷ್ಟರಲ್ಲಿ ಕಚ್ಚಿಕೊಂಡುಬಿಡುತ್ತಿತ್ತು. ಸುಬೇದಾರರ ಕಣ್ಣಿಗೆ ಪೊರೆ ಬರತೊಡಗಿತ್ತು. ಗುರಿಹಲಗೆ ಪೂರ್ತಿ ಮಸುಕಾಗುವ ಮೊದಲು, ರೈಫಲ್ ಕ್ಲಬ್ಬಿನ ವಾರ್ಷಿಕ ಪಂದ್ಯದಲ್ಲಿ ಒಮ್ಮೆಯಾದರೂ ತುಂಬಿದ ಗುಂಡುಗಳನ್ನೆಲ್ಲ ತಡೆಯಿಲ್ಲದೆ ಹಾರಿಸಿ ಮುಗಿಸಬೇಕೆಂಬುದು ಅವರ ಆಸೆ. ಗೆಲ್ಲುವ ಮಾತಲ್ಲ.

"ಮಧ್ಯದಲ್ಲಿ ನಿಂತುಹೋದ್ರೆ ಹುಡುಗರು ನಗ್ತಾರೆ ಕಣಯ್ಯ."

ಭಾನುವಾರ ಜಗುಲಿಯ ಮೇಲೆ ಹಳೆಯ ಪೇಪರು ಹಾಸಿ ಇಬ್ಬರೂ ಕೂರುತ್ತಿದ್ದೆವು. ಸ್ಪ್ರಿಂಗು ಸೋತಿದೆ ಎಂದರು. ಹೊಸದು ಮಾಡಿಸಿ ತಂದೆ. ಗುಂಡುಗಳು ಹಳತಾಗಿವೆ ಎಂದರು, ಹೊಸವು ಬಂದವು. ಆದರೂ ಕಚ್ಚಿಕೊಳ್ಳುತ್ತಿತ್ತು. ಅವರ ಹೆಂಡತಿ, ನನಗೆ ಅಮ್ಮಾವ್ರು, ಕಾಫಿ ತಂದಿಟ್ಟು ನಮ್ಮ ಅವಸ್ಥೆ ನೋಡುತ್ತಿದ್ದರು.

"ಅದಕ್ಕೂ ನಿಮ್ ಹಾಗೇ ವಯಸ್ಸಾಯ್ತು. ಮಂಡಿ ಹಿಡ್ಕೊಂಡಿದೆ."

"ನನ್ ಮಂಡಿಗೇನಾಗಿದೆಯೇ?"

"ಏಳಿ, ನೋಡೋಣ."

ಸುಬೇದಾರರು ಏಳುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಗುಂಡು ತುಂಬುವ ಮ್ಯಾಗಜಿನ್ನಿನ ತಳ. ತುಕ್ಕು ಹಿಡಿದು ಕೂತಿದ್ದರಿಂದ ಅವರು ಅದನ್ನು ಬಿಚ್ಚಿರಲೇ ಇಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹೇಗೋ ಜಾರಿಸಿ ತೆಗೆದೆ. ಪೇಪರಿನ ಮೇಲೆ ಕೆಂಪಗೆ ಅಂಟಿಕೊಂಡ ಮಡ್ಡಿ ಬಿತ್ತು. ಅದರೊಳಗೆ ಅಕ್ಕಿಕಾಳುಗಳು, ಕೆಲವು ಕಪ್ಪಾಗಿದ್ದವು, ಕೆಲವಕ್ಕೆ ಇನ್ನೂ ಅರಿಶಿನವಿತ್ತು.

ಪ್ರತಿ ಆಯುಧಪೂಜೆಗೂ ಅಮ್ಮಾವ್ರು ಪಿಸ್ತೂಲನ್ನು ಮಣೆಯ ಮೇಲಿಡುತ್ತಿದ್ದರು. ಅಪಾಯವಾಗದಿರಲೆಂದು ಸುಬೇದಾರರೇ ಮ್ಯಾಗಜಿನ್ನು ತೆಗೆದು ಪಕ್ಕಕ್ಕೆ ಇಟ್ಟುಕೊಡುತ್ತಿದ್ದರು. ಅಮ್ಮಾವ್ರು ಎರಡಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಹರಳೆಣ್ಣೆಯ ಹನಿ ಬಿಟ್ಟು ಅಕ್ಷತೆ ಹಾಕುತ್ತಿದ್ದರು. ಮೇಲೆ ಹಾಕಿದರೆ ಸಾಲದು, ಆಯುಧದ ಹೊಟ್ಟೆಗೂ ಬೀಳಬೇಕು ಎಂಬುದು ಅವರ ಲೆಕ್ಕ.

"ಅಮ್ಮಾವ್ರಿಗೆ ಹೇಳ್ಬಿಡಿ ಸಾರ್, ಮುಂದಿನ್ ಸಲ ಹೊರಗಡೆ ಮಾತ್ರ ಹಾಕ್ಲಿ," ಎಂದೆ.

ಸುಬೇದಾರರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಾನು ಬರ್ಮಾದಲ್ಲಿದ್ದಾಗ ಅವಳು ದಿನಾ ನನ್ ಹೆಸರಲ್ಲಿ ದೇವರಿಗೆ ಅಕ್ಷತೆ ಹಾಕ್ತಿದ್ಳಂತೆ. ಬದುಕಿ ಬಂದೆ. ಈಗ ಹೋಗಿ, ನಿನ್ ಅಕ್ಷತೆ ಅಡ್ಡ ಬಂತು ಕಣೇ ಅನ್ಲಾ?"

ಆ ವರ್ಷದ ಪಂದ್ಯದಲ್ಲಿ ಪಿಸ್ತೂಲು ಎಲ್ಲೂ ನಿಲ್ಲಲಿಲ್ಲ. ಗುರಿಗೆ ತಗುಲಿದವೆಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮಾವ್ರು ಮಾತ್ರ, "ಪೂಜೆ ಸುಮ್ನೆ ಹೋಗುತ್ತಾ?" ಎಂದರು. "ಎಲ್ಲಾದ್ರೂ ಉಂಟಾ!" ಎಂದು ಸುಬೇದಾರರು ನನ್ನ ಕಡೆ ನೋಡದೆ ಕಾಫಿ ಕುಡಿದರು. ಆಮೇಲೆ ಪ್ರತಿ ವರ್ಷ ಹಬ್ಬದ ಮರುದಿನ, ಅಮ್ಮಾವ್ರು ತರಕಾರಿಗೆ ಹೋದ ಹೊತ್ತು ನೋಡಿ ನನ್ನನ್ನು ಕರೆಯುತ್ತಿದ್ದರು. ಇಬ್ಬರೂ ಕಳ್ಳರಂತೆ ಪಿನ್ನು ಹಿಡಿದು ಕೂರುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಅಮ್ಮಾವ್ರು ತೀರಿಕೊಂಡರು. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಆದರೂ ಮರುದಿನ ಸುಬೇದಾರರು ಕರೆದರು. ಪೇಪರು ಹಾಸಿತ್ತು. ಮ್ಯಾಗಜಿನ್ನಿನ ತಳ ತೆಗೆದು ಕೊಟ್ಟೆ. ಬೆಳಕಿಗೆ ಹಿಡಿದರು, ಕಣ್ಣಿನ ಹತ್ತಿರ ತಂದರು, ಬೆರಳು ಆಡಿಸಿದರು.

"ಏನೂ ಇಲ್ಲ ಕಣಯ್ಯ."

"ಒಳ್ಳೇದೇ ಆಯ್ತಲ್ಲ ಸಾರ್," ಎಂದುಬಿಟ್ಟೆ.

"ಹ್ಞೂ. ಇನ್ನು ಎಲ್ಲೂ ಕಚ್ಚಲ್ಲ."

ಆ ಸಲ ಅವರು ಪಂದ್ಯಕ್ಕೆ ಹೋಗಲಿಲ್ಲ.

ಅವತ್ತು ಅವರು ದೇವರಕೋಣೆಗೆ ಹೋಗಿ ಚಿಟಿಕೆ ಅಕ್ಷತೆ ತಂದು ಮ್ಯಾಗಜಿನ್ನಿನೊಳಗೆ ತಾವೇ ಹಾಕಿದರೆಂದೂ ನನಗೆ ನೆನಪಿದೆ. ಆದರೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವ ನೆನಪನ್ನು ನಾನು ನಂಬುವುದಿಲ್ಲ. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಸೇರಿಸಿದ್ದಿರಬಹುದು... ಅವರು ಎದ್ದು ಒಳಗೆ ಹೋದದ್ದು ಮಾತ್ರ ನಿಜ. ಮಂಡಿ ಹಿಡಿದುಕೊಂಡು, ಗೋಡೆಗೆ ಕೈಕೊಟ್ಟು ಎದ್ದರು. ಏಳಿ, ನೋಡೋಣ ಅನ್ನುವವರು ಇರಲಿಲ್ಲ.

ಸುಬೇದಾರರೂ ಹೋಗಿ ಎಷ್ಟೋ ಕಾಲವಾಯಿತು. ಪಿಸ್ತೂಲನ್ನು ಠಾಣೆಗೆ ಒಪ್ಪಿಸಿದರಂತೆ. ಆ ಜಗುಲಿ ಇದ್ದ ಕಡೆ ಈಗ ಕಾರು ನಿಲ್ಲಿಸುತ್ತಾರೆ.

"ತಾತ, ಸರಿಹೋಯ್ತಾ?" ಮೊಮ್ಮಗಳು ಹೆಲ್ಮೆಟ್ ಹಾಕಿಕೊಂಡು ಬಂದಳು. ನನ್ನ ಅಂಗೈಯಲ್ಲಿದ್ದ ಕಾಳು ನೋಡಿ ನಕ್ಕಳು. "ಅಯ್ಯೋ, ಈ ಅಜ್ಜಿ! ಇರು, ಹೇಳ್ತೀನಿ, ಮುಂದಿನ್ ಸಲ ಅಲ್ಲೆಲ್ಲ ಹಾಕ್ಬೇಡ ಅಂತ."

ಒಳಗೆ ನನ್ನ ಹೆಂಡತಿ ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಹೇಳ್ಬೇಡಮ್ಮ," ಎಂದೆ. "ಪಿನ್ನು ಇದೆಯಲ್ಲ."