ರಕ್ತ ಚೊಕ್ಕ ಬಂದ ದಿನ

ಮೊನ್ನೆ ನಮ್ಮ ಓಣಿಗೆ ಡಾಂಬರು ಹಾಕುತ್ತಿದ್ದರು. ಆ ಬಿಸಿ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಚಿಕ್ಕಮ್ಮ ಎನ್ನುವ ಹಾಗೆ ನಾವೆಲ್ಲ ಕಾಕು ಎನ್ನುತ್ತಿದ್ದ ಹೆಂಗಸು ನೆನಪಾದರು. ಮೊಣಕೈ ಮೇಲೆ ಬೆಳ್ಳಗೆ ಹೊಟ್ಟು ಏಳುವ ಸೋರಿಯಾಸಿಸ್‌ಗೆ ಅವರು ಹಚ್ಚುತ್ತಿದ್ದ ಕಪ್ಪು ಮುಲಾಮಿಗೂ ಇದೇ ವಾಸನೆ...

ಎಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ನಿಪ್ಪಾಣಿಯ ಆ ಓಣಿಗೆ ಹೊಸದಾಗಿ ಬಂದಿದ್ದೆ. ಕಾಕು ಬಡಿದ ಜೋಳದ ರೊಟ್ಟಿ ಹಪ್ಪಳದಷ್ಟು ತೆಳು. ಬರಬರುತ್ತ ಅವರ ಬೆರಳುಗಳು ಬಾತು, ಮಡಚದಂತಾದವು. ಮಿರಜಿನ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದರು. ಸಂಧಿವಾತದವರ ರಕ್ತದಲ್ಲಿ ಹುಡುಕುವ ಆಂಟಿಬಾಡಿ ಇವರಲ್ಲಿ ಸಿಗಲಿಲ್ಲ. ರಿಪೋರ್ಟಿನಲ್ಲಿ ನೆಗೆಟಿವ್ ಎಂದಿತ್ತು. ಅವರ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು.

"ನಮ್ಮ ಸೊಸಿ ರಕ್ತ ಚೊಕ್ಕ ಐತಂತ. ಇನ್ನ ನೆವಾ ಹೇಳಾಕ ಬರೂದಿಲ್ಲ ನೋಡ ಆಕಿಗೆ."

ಆ ಸಕ್ಕರೆ ನಾನೂ ತಿಂದೆ. ಮರುದಿನದಿಂದ ನೀರಿನ ಕೊಡ, ರೊಟ್ಟಿ ಬುಟ್ಟಿ ಎಲ್ಲ ಮತ್ತೆ ಕಾಕು ಪಾಲಿಗೆ. ನೋವು ಎಂದರೆ ನಂಬುವವರಿಲ್ಲ. ಆರು ತಿಂಗಳು ಹಾಗೇ ಕಳೆದ ಮೇಲೆ ಕಾಕು ತಾವೇ ಅತ್ತೆಗೆ ಹೇಳಿದರು: "ನೀವ ನನ್ನ ಜೋಡಿ ದವಾಖಾನಿಗೆ ಬರ್ರಿ. ಇದು ಸೋಗು ಅಂತ ಡಾಕ್ಟರ ಅಂದ್ರ ಅವರ ಮುಂದ ನನಗ ಬೈರಿ."

ಜೊತೆಗೆ ನಾನೂ ಹೋದೆ. ಈ ಸಲ ಬೇರೆ ಡಾಕ್ಟರು. ಉಗುರಿನ ಮೇಲಿನ ಸಣ್ಣ ಸಣ್ಣ ತಗ್ಗು, ಮೊಣಕೈ ಎಲ್ಲ ನೋಡಿದರು. ಚರ್ಮದ ರೋಗವೇ ಕೀಲುಗಳಿಗೂ ಇಳಿದಿದೆ, ಇದರಲ್ಲಿ ಬಹಳ ಮಂದಿಯ ರಕ್ತದಲ್ಲಿ ಆ ಗುರುತು ಸಿಗುವುದೇ ಇಲ್ಲ ಎಂದರು. ಆಮೇಲೆ ಒಂದೊಂದಾಗಿ ಕೇಳಿದರು. ಕೊಡ ಎತ್ತಲು ಆಗುತ್ತದೆಯೇ? ತಲೆ ಬಾಚಲು? ಜಂಪರಿನ ಗುಂಡಿ?

"ಗುಂಡಿ ಬಿಟ್ಟು ಹುಕ್ಕ ಹಚ್ಚಿಸಿದ್ನಿರಿ. ಈಗ ಅವೂ ಒಲ್ಲೆ ಅಂತಾವ, ಗಂಟ ಹಾಕ್ಕೋತೀನಿ," ಎಂದು ಕಾಕು ನಕ್ಕರು.

ಊರಿಗೆ ಬಂದೊಡನೆ ಅತ್ತೆ ಕೊಡ ತೆಗೆದು ತಮ್ಮ ಟೊಂಕಕ್ಕೆ ಇಟ್ಟುಕೊಂಡರು.

ಔಷಧದಿಂದ ನೋವು ತಗ್ಗಿತು, ಹೋಗಲಿಲ್ಲ. ಆದರೂ ಕಾಕು ದಿನಕ್ಕೊಂದು ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಸೊಟ್ಟಗಾದರೆ ತಾವೇ ತಿನ್ನುತ್ತಿದ್ದರು. ಗುಂಡಗೆ ಬಂದರೆ ಗೋಡೆಯ ಮೇಲಿಂದ ನನಗೆ ಕೊಡುತ್ತಿದ್ದರು. "ತಗೋವಾ, ಇವತ್ತ ಕೈ ನನ್ನ ಮಾತ ಕೇಳ್ಯಾವ." ಎಷ್ಟೋ ವಾರ ಒಂದೂ ಬರುತ್ತಿರಲಿಲ್ಲ...

ಕಾಕು ತೀರಿಕೊಂಡು ವರ್ಷಗಳಾದವು. ಕೊಡ ಎತ್ತಲು ಆಗುತ್ತದೆಯೇ ಎಂದು ಕೇಳಲು ಡಾಕ್ಟರೇ ಆಗಬೇಕಿರಲಿಲ್ಲ. ಆ ಆರು ತಿಂಗಳು ಅವರು ದಿನವೂ ನನ್ನ ಮುಂದೆಯೇ ಕೊಡ ಹೊತ್ತು ಹೋಗುತ್ತಿದ್ದರು. ನಾನು ಕೇಳಿರಲಿಲ್ಲ.