ಹದಿನಾರು ವಾದ್ಯಗಳ ಸಾಫ್ಟ್‌ವೇರ್ ಆರಿಸಿದ ದಿನ

ನಮ್ಮ ಆರ್ಕೆಸ್ಟ್ರಾದಲ್ಲಿ ಇದ್ದವರು ನಾಲ್ಕೇ ಜನ. ಚನ್ನಗಿರಿಯ ನಾನು ಕೀಬೋರ್ಡಿಗೆ. ಕೊಳಲಿನವರು ಹೊನ್ನಾಳಿಯವರು, ಹಾಡುವ ಅಕ್ಕ ನ್ಯಾಮತಿಯವರು, ತಬಲಾದವನು ಜಗಳೂರಿನವನು, ನನ್ನದೇ ವಯಸ್ಸು. ಆರತಕ್ಷತೆ, ಗಣಪತಿ ಪೆಂಡಾಲು ಅಂತ ಹದಿನೆಂಟು ವರ್ಷ ಒಂದೇ ವ್ಯಾನಿನಲ್ಲಿ ಸುತ್ತಿದ್ದೆವು. ಮದುವೆಗಳಿಗೆ ಡಿಜೆ ಬಂದ ಮೇಲೆ ನಮ್ಮನ್ನು ಕರೆಯುವವರು ಇಲ್ಲವಾದರು. ಕೊಳಲಿನವರು ಉಸಿರು ಸಾಲುತ್ತಿಲ್ಲ ಅಂತ ಅದಕ್ಕೂ ಮೊದಲೇ ಬಿಟ್ಟಿದ್ದರು.

ಅಕ್ಕನ ಹಾಡುಗಳನ್ನಾದರೂ ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂದುಕೊಂಡೆ. ಹಿನ್ನೆಲೆ ವಾದ್ಯಗಳ ಸದ್ದಿಗಾಗಿ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ವಾದ್ಯಕ್ಕೊಂದರಂತೆ ಸಾಫ್ಟ್‌ವೇರ್ ತೆರೆದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಒಂದೇ ಸಾಫ್ಟ್‌ವೇರು ಹದಿನಾರು ವಾದ್ಯಗಳನ್ನು ಒಟ್ಟಿಗೆ ನುಡಿಸುವಂಥದ್ದು ಬೇಕಿತ್ತು. ಅಂಥ ಮೂರನ್ನು ಟ್ರಯಲ್‌ಗೆ ಇಳಿಸಿಕೊಂಡೆ. ಪಿಟೀಲು, ಪಿಯಾನೊ ಯಾವುದರಲ್ಲಿ ಚೆನ್ನಾಗಿದೆ ಅಂತ ನನಗೇ ಗೊತ್ತಾಯಿತು. ತಬಲಾ ಮಾತ್ರ ತಿಳಿಯಲಿಲ್ಲ. ಜಗಳೂರಿಗೆ ಫೋನ್ ಮಾಡಿ, "ಅಕ್ಕನ ಹಾಡು ಮಾಡ್ತಿದೀನಿ, ಬಾ" ಅಂದೆ.

ಮರುದಿನ ಬೆಳಿಗ್ಗೆಯೇ ಬಂದ. ತಬಲಾನೂ ಹೊತ್ತು ತಂದಿದ್ದ.

"ಅಯ್ಯೋ, ಅದು ಬೇಕಾಗಿರಲಿಲ್ಲ. ಕೇಳಿ ಹೇಳಿದ್ರೆ ಸಾಕು" ಅಂದೆ.

ಅವನು ಚೀಲವನ್ನು ಬಾಗಿಲ ಹತ್ತಿರ ಇಟ್ಟು ಬಂದು ಕೂತ. ಮೊದಲನೆಯದನ್ನು ಕೇಳಿ, "ಡಬ್ಬಿ ಬಡಿದಂಗೈತೆ" ಅಂದ. ಎರಡನೆಯದಕ್ಕೆ, "ಇದಕ್ಕೆ ಎಡಗೈ ಒತ್ತಾಕೆ ಬರಲ್ಲ" ಅಂದ. ಮೂರನೆಯದನ್ನು ಕಣ್ಣು ಮುಚ್ಚಿ ಎರಡು ಸಲ ಕೇಳಿದ.

"ಇದನ್ನೇ ತಗೋ. ಎಷ್ಟು ವಾದ್ಯ ಹಾಕಿದ್ರೂ ಇದರ ತಬಲಾ ಮುಳುಗಂಗಿಲ್ಲ."

ಖುಷಿಯಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು: "ಇನ್ನು ಯಾರಿಗೂ ಕಾಯೋ ಹಂಗಿಲ್ಲ ನೋಡು!"

ಅಂದ ಮೇಲೆ ಅವನ ಮುಖ ನೋಡಿದೆ. ಅವನು ಲ್ಯಾಪ್‌ಟಾಪನ್ನೇ ನೋಡುತ್ತಿದ್ದ. ನನ್ನ ಹೆಂಡತಿ ಊಟಕ್ಕೆ ಏಳಿ ಅಂದಾಗ, "ಬಸ್ಸೈತೆ ತಂಗೀ" ಅಂತ ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಆಮೇಲೆ ಫೋನ್ ಎತ್ತಲಿಲ್ಲ. ಹಾಡು ಮುಗಿಸಿ ಅಕ್ಕನಿಗೂ ಅವನಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಅವನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ತಡೆಯಲಾರದೆ ಒಂದು ಭಾನುವಾರ ಜಗಳೂರಿಗೇ ಹೋದೆ. ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೈ ಒರೆಸಿಕೊಂಡು ಬಂದು ಚಹಾ ಕುಡಿಸಿದ.

"ಮುಂದಿನ ಹಾಡಿಗೆ ನೀನೇ ನುಡಿಸ್ಬೇಕು" ಅಂದೆ.

"ತಬಲಾ ಎಲ್ಲೈತೆ? ಸಾಲಿ ಮಕ್ಕಳಿಗೆ ಕೊಟ್ಟೆ. ಮನ್ಯಾಗೆ ಕಣ್ಣಿಗೆ ಬೀಳ್ತಿತ್ತು."

ಕ್ಷಮಿಸು ಅನ್ನಲು ಹೋದೆ. ಅವನು ತಡೆದ.

"ಆವತ್ತು ಒಂದ್ಸಲ ನುಡಿಸು ಅನ್ಬೇಕಿತ್ತು ನೀನು. ರೆಕಾರ್ಡ್ ಮಾಡದಿದ್ರೂ ನಡೀತಿತ್ತು, ಸುಮ್ನೆ ಕೇಳಿದ್ರೆ ಸಾಕಿತ್ತು."

ಅಂಗಡಿಯಿಂದ ಯಾರೋ ಕೂಗಿದರು. ಎದ್ದವನು ನಿಂತು, "ಹಾಡು ಚಲೋ ಬಂದೈತೆ. ಎರಡನೇ ಚರಣದಾಗೆ ತಬಲಾದ ಎಡಗೈ ಪೆಟ್ಟು ಸ್ವಲ್ಪ ಮುಂಚೆ ಬೀಳ್ತೈತೆ, ಸರಿ ಮಾಡ್ಕೊ" ಅಂದು ಒಳಗೆ ಹೋದ.

ಮನೆಗೆ ಬಂದು ಕೇಳಿದೆ. ಹೌದು, ಕೂದಲೆಳೆಯಷ್ಟು ಮುಂಚೆ ಬೀಳುತ್ತಿತ್ತು. ಸರಿ ಮಾಡಿ ನ್ಯಾಮತಿಗೆ ಕಳಿಸಿದೆ.

ಅಕ್ಕ ಕೂಡಲೇ ಫೋನ್ ಮಾಡಿದರು. "ಈಗ ಜೀವ ಬಂತು ನೋಡು! ಅವನೇ ನುಡಿಸಿದ್ನೇನೋ?"

"ಇಲ್ಲಕ್ಕ," ಅಂದೆ. "ತಬಲಾ ಹೊತ್ತು ತಂದಿದ್ದಾಗ್ಲೂ ಅವನನ್ನ ನಾನು ಕೇಳಲೇ ಇಲ್ಲ."